ಟಾಕೋ: ಪೇಟೆಗೆ ಹೋಗಿ ತಿನ್ನೋದಾ, ಮನೆಯಲ್ಲೇ ಮಾಡೋದಾ?

ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯ ಕೆಲವು ಕೆಫೆಗಳ ಮೆನುವಿನಲ್ಲಿ ಈಗ ಷವರ್ಮಾ, ಬರ್ಗರ್ ಸಾಲಿನ ಕೆಳಗೆ ಟಾಕೋ ಕೂಡ ಸೇರಿಕೊಂಡಿದೆ. ರೊಟ್ಟಿಯ ಮೇಲೆ ಮಾಂಸವೋ ಮೀನೋ ತರಕಾರಿಯೋ ಇಟ್ಟು, ಚಟ್ನಿ ಹಾಕಿ, ಮಡಚಿ ತಿನ್ನುವ ಮೆಕ್ಸಿಕೋದ ತಿಂಡಿ ಅದು. ಮಂಗಳೂರು, ಬೆಂಗಳೂರಿಗೆ ಓದಲು ಹೋದ ಮಕ್ಕಳಿಗಂತೂ ಅದು ಹೊಸತೇ ಅಲ್ಲ. ಅವರು ರಜೆಯಲ್ಲಿ ಊರಿಗೆ ಬಂದು ಕೇಳಿದಾಗ ಮನೆಯಲ್ಲಿ ಎರಡು ಮಾತು ಏಳುತ್ತದೆ. ಪೇಟೆಗೆ ಹೋಗಿ ತಿಂದರೆ ಮುಗೀತಲ್ವಾ ಅಂತ ಒಬ್ಬರು. ರೊಟ್ಟಿ, ಪಲ್ಯ, ಚಟ್ನಿ ತಾನೇ, ಮನೆಯಲ್ಲೇ ಮಾಡೋಣ ಅಂತ ಇನ್ನೊಬ್ಬರು.

ಇಬ್ಬರ ಮಾತಿನಲ್ಲೂ ನಿಜ ಇದೆ. ಆದರೆ ಎಲ್ಲ ಟಾಕೋಗೂ ಒಂದೇ ಉತ್ತರ ಸರಿಹೋಗುವುದಿಲ್ಲ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಟಾಕೋದಲ್ಲಿ ಮೊದಲ ಜಾಗ ರೊಟ್ಟಿಗೆ. ಒಳಗೆ ತುಂಬುವುದೆಲ್ಲ ಆಮೇಲೆ. ಆ ರೊಟ್ಟಿ ಕಾವಲಿಯಿಂದ ಇಳಿದು ಬಾಯಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರ ಮೇಲೆ ಅರ್ಧ ರುಚಿ ನಿಂತಿದೆ. ಹಾಗಾಗಿ ಮೆತ್ತನೆಯ ಜೋಳದ ರೊಟ್ಟಿಯ ಟಾಕೋ (ಇಲ್ಲಿ ಜೋಳ ಅಂದದ್ದೆಲ್ಲ ಮೆಕ್ಕೆಜೋಳ), ಮೀನಿನ ಟಾಕೋ, ತರಕಾರಿ ಟಾಕೋ ಮನೆಯಲ್ಲಿ ಮಾಡಿ. ದೊಡ್ಡ ಬೆಂಕಿ ಬೇಕಾದ ಮಾಂಸದ ಟಾಕೋ ಆದರೆ ಒಳ್ಳೆಯ ಜಾಗ ಹುಡುಕಿ, ಅಲ್ಲೇ ಕೂತು ತಿನ್ನಿ. ಪಾರ್ಸೆಲ್ ಮಾತ್ರ ಆದಷ್ಟು ಬೇಡ. ಯಾಕೆ ಅಂತ ಹೇಳುತ್ತೇನೆ.

ಮೆಕ್ಸಿಕೋದಲ್ಲಿ ಹೇಗೆ ನಡೆಯುತ್ತದೆ

ಮನೆಯದ್ದು ಯಾವಾಗಲೂ ಮೇಲು, ಹೊರಗಿನದು ಕೀಳು ಅನ್ನುವ ನಮ್ಮ ಲೆಕ್ಕ ಟಾಕೋದ ತವರಿನಲ್ಲಿ ಹಾಗೇ ನಡೆಯುವುದಿಲ್ಲ. ಮೆಕ್ಸಿಕೋದ ಪಟ್ಟಣಗಳಲ್ಲಿ ತುಂಬಾ ಮನೆಯವರು ಟೋರ್ಟಿಯಾ ಅನ್ನುವ ಆ ಜೋಳದ ರೊಟ್ಟಿಯನ್ನು ಮನೆಯಲ್ಲಿ ತಟ್ಟುವುದಿಲ್ಲ. ಬೀದಿಯ ಕೊನೆಯಲ್ಲಿ ಅದಕ್ಕೆಂದೇ ಒಂದು ಅಂಗಡಿ ಇರುತ್ತದೆ. ಯಂತ್ರದಿಂದ ಬಿಸಿಬಿಸಿ ಇಳಿಯುವ ರೊಟ್ಟಿಯನ್ನು ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡು ಬಟ್ಟೆಯಲ್ಲಿ ಸುತ್ತಿ ತರುತ್ತಾರೆ. ಇನ್ನು ಟಾಕೋ ಅಂಗಡಿಗಳದ್ದು ಬೇರೆಯೇ ಲೋಕ. ಒಂದು ಅಂಗಡಿ ಒಂದೆರಡು ಬಗೆಯ ಟಾಕೋ ಮಾತ್ರ ಮಾಡುತ್ತದೆ. ಒಬ್ಬರು ಹಂದಿಮಾಂಸವನ್ನು ಅದರದೇ ಕೊಬ್ಬಿನಲ್ಲಿ ಗಂಟೆಗಟ್ಟಲೆ ಬೇಯಿಸುವವರು, ಇನ್ನೊಬ್ಬರು ಕುರಿಮಾಂಸವನ್ನು ಗುಂಡಿಯಲ್ಲಿ ಹೂತು ಬೇಯಿಸುವವರು. ಜನ ನಿಂತಲ್ಲೇ ತಿಂದು ಹೋಗುತ್ತಾರೆ. ರೊಟ್ಟಿ ತಣಿಯಲು ಸಮಯವೇ ಇಲ್ಲ.

ನಮ್ಮ ಕಡೆಯ ಕೆಫೆಯಲ್ಲಿ ಇದು ತಿರುಗುಮುರುಗು. ಮೆನುವಿನಲ್ಲಿ ಹತ್ತಾರು ಐಟಂ, ಅದರಲ್ಲಿ ಟಾಕೋ ಒಂದು. ದಿನಕ್ಕೆ ಕೆಲವೇ ಆರ್ಡರ್ ಬರುವ ತಿಂಡಿಗೆ ಯಾರೂ ಜೋಳ ನೆನೆಸಿ ರುಬ್ಬುತ್ತಾ ಕೂರುವುದಿಲ್ಲ. ಪ್ಯಾಕೆಟ್ಟಿನ ಮೈದಾ ಟೋರ್ಟಿಯಾ ಬಿಸಿ ಮಾಡುತ್ತಾರೆ, ಇಲ್ಲವೇ ಡಬ್ಬದ ಗರಿಗರಿ ಚಿಪ್ಪು ತೆಗೆಯುತ್ತಾರೆ. ಅಡುಗೆಯವರಿಗೆ ಕೈ ಇಲ್ಲ ಅಂತ ಅಲ್ಲ. ವ್ಯಾಪಾರ ಅಷ್ಟಿಲ್ಲ, ಅದಕ್ಕೇ ಹಾಗೆ. ಟಾಕೋ ತಿನ್ನಲು ಹೋಗುವುದಾದರೆ ಅದು ಜಾಸ್ತಿ ಮಾರಾಟವಾಗುವ ಜಾಗ ನೋಡಿ ಹೋಗಬೇಕು.

ಆ ಗರಿಗರಿ ಚಿಪ್ಪಿನ ಬಗ್ಗೆ ಎರಡು ಮಾತು. U ಆಕಾರಕ್ಕೆ ಬಗ್ಗಿಸಿ ಕರಿದ ಆ ಚಿಪ್ಪು ಬೆಳೆದದ್ದು ಅಮೆರಿಕದಲ್ಲಿ ನೆಲೆಸಿದ ಮೆಕ್ಸಿಕನ್ ಮನೆತನಗಳ ಹೋಟೆಲುಗಳಲ್ಲಿ. ಅದನ್ನು ಕರಿಯುವ ಒಂದು ಸಾಧನಕ್ಕೆ ನ್ಯೂಯಾರ್ಕಿನ ಜುವೆನ್ಸಿಯೋ ಮಾಲ್ಡೊನಾಡೊ 1950ರಲ್ಲಿ ಪೇಟೆಂಟ್ ಪಡೆದರು. ಗ್ಲೆನ್ ಬೆಲ್ 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟಾಕೋ ಬೆಲ್ ತೆರೆದ ಮೇಲೆ ಅದು ಎಲ್ಲೆಡೆ ಹರಡಿತು. ಆ ಕಂಪನಿಯ ಭಾರತದ ಮೊದಲ ಮಳಿಗೆ ಬೆಂಗಳೂರಿನಲ್ಲಿ 2010ರಲ್ಲಿ ಶುರುವಾಯಿತು. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ನಮ್ಮ ಮಕ್ಕಳಿಗೆ ಟಾಕೋ ಅಂದರೆ ಮೊದಲು ಕಣ್ಣೆದುರು ಬರುವುದು ಈ ಚಿಪ್ಪೇ. ಅದು ಸುಳ್ಳು ಟಾಕೋ ಅನ್ನಲು ನನಗೆ ಮನಸ್ಸಿಲ್ಲ, ಅದಕ್ಕೂ ಒಂದು ಚರಿತ್ರೆ ಇದೆ. ಆದರೆ ಮನೆಯಲ್ಲಿ ಅದನ್ನು ಕರಿಯಲು ಹೋಗಬೇಡಿ. ಎಣ್ಣೆ ಜಾಸ್ತಿ ಹೋಗುತ್ತದೆ, ಆಕಾರ ನಿಲ್ಲುವುದಿಲ್ಲ. ಅದು ಬೇಕಾದರೆ ಹೊರಗೆ ತಿನ್ನಿ.

ನಮ್ಮ ಮನೆಯ ಸುಣ್ಣ, ಅವರ ರೊಟ್ಟಿ

ಮನೆಯ ಪರವಾಗಿ ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಸುಣ್ಣ. ವೀಳ್ಯದೆಲೆಗೆ ಹಚ್ಚುವ ಅದೇ ಸುಣ್ಣ.

ಮೆಕ್ಕೆಜೋಳದ ಹಿಟ್ಟು ತಂದು ಬಿಸಿನೀರಲ್ಲಿ ಕಲಸಿ ರೊಟ್ಟಿ ತಟ್ಟಿ ನೋಡಿದವರಿಗೆ ಗೊತ್ತು, ಅಂಚು ಬಿರಿಯುತ್ತದೆ, ಮಡಚಿದರೆ ಎರಡು ತುಂಡಾಗುತ್ತದೆ. ಒಣ ಜೋಳವನ್ನು ಹಾಗೇ ಪುಡಿ ಮಾಡಿದರೆ ಅದಕ್ಕೆ ಅಂಟು ಬರುವುದೇ ಇಲ್ಲ. ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಜನ ಮೂರು ಸಾವಿರ ವರ್ಷಕ್ಕೂ ಹಿಂದೆಯೇ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಬೆಳಿಗ್ಗೆ ತೊಳೆದು ರುಬ್ಬುವುದು. ಸುಣ್ಣ ಕಾಳಿನ ಗಟ್ಟಿ ಸಿಪ್ಪೆಯನ್ನು ಕರಗಿಸುತ್ತದೆ. ಹಿಟ್ಟಿಗೆ ಅಂಟು ಬರುತ್ತದೆ. ಟಾಕೋ ಅಂಗಡಿಯ ಹತ್ತಿರ ಹೋದಾಗ ಮೂಗಿಗೆ ಬಡಿಯುವ ಆ ಪರಿಮಳವೂ ಇದರಿಂದಲೇ ಹುಟ್ಟುವುದು.

ರುಚಿಗಿಂತ ದೊಡ್ಡ ಲಾಭ ಇನ್ನೊಂದಿದೆ. ಜೋಳದಲ್ಲಿರುವ ನಿಯಾಸಿನ್ ಅನ್ನುವ ಬಿ ಜೀವಸತ್ವ ನಮ್ಮ ದೇಹಕ್ಕೆ ಸಿಗದ ಹಾಗೆ ಕಟ್ಟಿಕೊಂಡಿರುತ್ತದೆ. ಸುಣ್ಣ ಅದನ್ನು ಬಿಡಿಸುತ್ತದೆ, ಜೊತೆಗೆ ಒಂದಿಷ್ಟು ಕ್ಯಾಲ್ಸಿಯಂ ಕೂಡ ಸೇರಿಸುತ್ತದೆ. ಯುರೋಪಿನವರು ಜೋಳವನ್ನು ಹಡಗಿನಲ್ಲಿ ಒಯ್ದರು, ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟರು. ಆಮೇಲೆ ಜೋಳವನ್ನೇ ನಂಬಿ ಬದುಕಿದ ಸ್ಪೇನ್, ಇಟಲಿಯ ಬಡವರಿಗೆ ಪೆಲಾಗ್ರಾ ಬಂತು. ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಸಾವಿರಾರು ಜನ ಇದರಿಂದ ಸತ್ತರು. ಇದು ಸೋಂಕಲ್ಲ, ಊಟದ ಕೊರತೆ ಅಂತ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು ತೋರಿಸಿಕೊಟ್ಟರು. ಆ ಕೊರತೆ ನಿಯಾಸಿನ್‌ನದ್ದು ಅಂತ ಸ್ಪಷ್ಟವಾದದ್ದು 1937ರಲ್ಲಿ. ಮೆಕ್ಸಿಕೋದ ಹೆಂಗಸರ ಸುಣ್ಣದ ಮಡಕೆ ಆ ಕೆಲಸವನ್ನು ಅಷ್ಟೂ ಕಾಲ ಮಾಡುತ್ತಲೇ ಇತ್ತು. ನನಗೆ ಈ ರೊಟ್ಟಿಯ ಮೇಲೆ ಇಷ್ಟು ಗೌರವ ಇರುವುದು ಇದಕ್ಕೇ.

ಮಾಡುವ ಕ್ರಮ ಹೇಳುತ್ತೇನೆ. ಅರ್ಧ ಕಿಲೋ ಒಣ ಮೆಕ್ಕೆಜೋಳ, ಒಂದೂವರೆ ಲೀಟರ್ ನೀರು. ಸುಣ್ಣ ಒಣಪುಡಿಯಾದರೆ 5 ಗ್ರಾಂ, ಎಲೆಗೆ ಹಚ್ಚುವ ಒದ್ದೆ ಸುಣ್ಣವಾದರೆ ಸುಮಾರು 10 ಗ್ರಾಂ. ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಅಲ್ಯೂಮಿನಿಯಂ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಸುಣ್ಣವನ್ನು ನೀರಲ್ಲಿ ಕದಡಿ, ಜೋಳ ಹಾಕಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ. ನೀರು ಹಳದಿಯಾಗುತ್ತದೆ, ಹೆದರಬೇಡಿ. ಒಂದು ಕಾಳನ್ನು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು. ಕಚ್ಚಿದರೆ ಒಳಗೆ ಇನ್ನೂ ಸ್ವಲ್ಪ ಹಸಿ ಇರಬೇಕು. ಅಷ್ಟಾದರೆ ಒಲೆ ಆರಿಸಿ, ಮುಚ್ಚಿ, ಬೆಳಗಿನವರೆಗೆ ಬಿಟ್ಟುಬಿಡಿ. ಆಮೇಲೆ ಎರಡು ಮೂರು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಸಿಪ್ಪೆ ಪೂರ್ತಿ ಹೋಗಬೇಕೆಂದಿಲ್ಲ, ಸ್ವಲ್ಪ ಉಳಿದರೆ ಅಂಟಿಗೆ ಒಳ್ಳೆಯದು.

ಸುಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ತಿನ್ನಲೆಂದೇ ಮಾರುವ, ಬಣ್ಣ ಹಾಕದ ಬಿಳಿ ಸುಣ್ಣವೇ ಆಗಬೇಕು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ಜೊತೆ ಕಲಸಲು ತಂದ ಸುಣ್ಣ ತೋಟದ ಮನೆಗಳಲ್ಲಿ ಮೂಟೆಗಟ್ಟಲೆ ಇರುತ್ತದೆ. ಅದನ್ನು ಮುಟ್ಟಬೇಡಿ. ಗೋಡೆಗೆ ಬಳಿಯುವುದೂ ಬೇಡ. ಜೋಳವೂ ಹಾಗೇ, ಕೋಳಿಗೂ ದನಕ್ಕೂ ಹಾಕುವ ಜೋಳ ಅಗ್ಗ ಅಂತ ತರಬೇಡಿ. ಅದರಲ್ಲಿ ಬೂಸು ಹಿಡಿದ ಕಾಳು ಇದ್ದರೆ ಗೊತ್ತಾಗುವುದಿಲ್ಲ. ಮಳೆಗಾಲದ ನಮ್ಮ ಹವೆಯಲ್ಲಂತೂ ಮನುಷ್ಯರಿಗೆಂದು ಮಾರುವ ಜೋಳವನ್ನೂ ನೋಡಿ ಆರಿಸಬೇಕು. ಸ್ವೀಟ್‌ಕಾರ್ನ್ ಇದಕ್ಕೆ ಆಗುವುದಿಲ್ಲ. ಬೇಕರಿ ಸಾಮಾನಿನ ಕಾರ್ನ್‌ಫ್ಲೋರ್ ಬರೀ ಪಿಷ್ಟ, ಅದೂ ಆಗುವುದಿಲ್ಲ.

ರುಬ್ಬಲು ದೋಸೆಯ ಗ್ರೈಂಡರ್ ಸಾಕು. ನೀರು ಮಾತ್ರ ಚಿಮುಕಿಸಿ ಚಿಮುಕಿಸಿ ಹಾಕಬೇಕು. ಕಡುಬಿನ ಹಿಟ್ಟಿಗಿಂತ ಗಟ್ಟಿ, ಕೈಗೆ ಅಂಟಬಾರದು, ಒತ್ತಿದರೆ ಅಂಚು ಬಿರಿಯಬಾರದು. ಮಿಕ್ಸಿಯಲ್ಲಾದರೆ ಸ್ವಲ್ಪ ಸ್ವಲ್ಪವೇ ಹಾಕಿ, ಇಲ್ಲದಿದ್ದರೆ ಬಿಸಿಯಾಗಿ ನಿಲ್ಲುತ್ತದೆ. ಲಿಂಬೆಗಾತ್ರದ ಉಂಡೆ, ಅಂದರೆ ಸುಮಾರು 30 ಗ್ರಾಂ, ಅಂಗೈಯಗಲದ ಒಂದು ರೊಟ್ಟಿಗೆ ಸಾಕು. ಒರೊಟ್ಟಿ ತಟ್ಟುವವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಬಾಳೆಲೆಯ ಮೇಲೆ ತಟ್ಟಬಹುದು. ಪತ್ತಿರಿ ಮಾಡುವ ಮನೆಗಳಲ್ಲಿ ಒತ್ತುವ ಪ್ರೆಸ್ ಇರುತ್ತದೆ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಒತ್ತಿದರೆ ಇನ್ನೂ ಸಲೀಸು. ಕಾವಲಿ ಚೆನ್ನಾಗಿ ಕಾಯಬೇಕು. ಎಣ್ಣೆ ಬೇಡ. ಮೊದಲ ಮಗ್ಗುಲು ಸ್ವಲ್ಪವೇ ಹೊತ್ತು, ತಿರುಗಿಸಿ ಎರಡನೆಯದು ಇನ್ನೊಂದಿಷ್ಟು ಜಾಸ್ತಿ, ಮತ್ತೆ ತಿರುಗಿಸಿದಾಗ ಉಬ್ಬಿ ಬರಬೇಕು.

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದರ ನಂತರದ್ದು. ಬೆಂದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ದಪ್ಪ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಮುಚ್ಚಿಡಿ. ತನ್ನದೇ ಹಬೆಯಲ್ಲಿ ಅದು ಮೆತ್ತಗಾಗುತ್ತದೆ. ಆಗ ಮಡಚಿದರೆ ಹರಿಯುವುದಿಲ್ಲ.

ಇಷ್ಟೆಲ್ಲ ಆಗದವರು ಏನು ಮಾಡಬೇಕು? ತೆಳ್ಳಗೆ ಚಪಾತಿ ಲಟ್ಟಿಸಿ. ಅದನ್ನು ಕಡಿಮೆ ಅಂದುಕೊಳ್ಳಬೇಡಿ. ಮೆಕ್ಸಿಕೋದ ಉತ್ತರದ ಸೊನೋರಾ ಕಡೆ ಗೋಧಿ ಬೆಳೆಯುತ್ತಾರೆ, ಅಲ್ಲಿನ ಟೋರ್ಟಿಯಾವೇ ಗೋಧಿಯದ್ದು. ಅಂಗಡಿಯ ಪ್ಯಾಕೆಟ್ ಟೋರ್ಟಿಯಾಕ್ಕಿಂತ ಈಗಷ್ಟೇ ಬೇಯಿಸಿದ ಚಪಾತಿ ಎಷ್ಟೋ ಪಾಲು ಮೇಲು. ಪ್ಯಾಕೆಟ್ಟಿನದು ಬಹಳ ದಿನ ಕೆಡದ ಹಾಗೆ ಮಾಡಿದ್ದು, ಆ ಹುಳಿವಾಸನೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಗಲ್ಫಿನಿಂದ ಬರುವವರಿದ್ದರೆ ಸುಣ್ಣದಲ್ಲಿ ಸಂಸ್ಕರಿಸಿದ ಒಣ ಜೋಳದ ಹಿಟ್ಟು ತರಿಸಿಕೊಳ್ಳಿ, ಮಾಸಾ ಹಾರಿನಾ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ನೀರಲ್ಲಿ ಕಲಸಿದರೆ ಆಯಿತು. ನೀರುದೋಸೆಯಲ್ಲಿ ಸುತ್ತಿದರೆ ಆಗದಾ ಅಂತ ಕೆಲವರು ಕೇಳುತ್ತಾರೆ. ಅದು ಬಲು ಮೃದು, ರಸ ತಾಗಿದ ಕೂಡಲೇ ಹರಿಯುತ್ತದೆ. ಅದನ್ನು ಅದರ ಪಾಡಿಗೆ ಕೋಳಿ ಸಾರಿನ ಜೊತೆ ಬಿಡುವುದೇ ಸರಿ.

ಹೊರಗಿನದ್ದು ಗೆಲ್ಲುವ ಜಾಗ

ಲಂಬವಾಗಿ ನಿಲ್ಲಿಸಿದ ಕಂಬಿಗೆ ಮಾಂಸ ಚುಚ್ಚಿ, ಬೆಂಕಿಯ ಪಕ್ಕ ತಿರುಗಿಸುತ್ತಾ, ಬೆಂದ ಹೊರಪದರವನ್ನು ಕೆತ್ತಿ ಕೆತ್ತಿ ಕೊಡುವುದು. ಇದನ್ನು ಓದಿದರೆ ಕಾಸರಗೋಡಿನವರಿಗೆ ಷವರ್ಮಾ ನೆನಪಾಗುತ್ತದೆ. ಮೆಕ್ಸಿಕೋದಲ್ಲಿ ಬಹಳ ಮೆಚ್ಚಿನ ಅಲ್ ಪಾಸ್ತೋರ್ ಟಾಕೋದ ಮೂಲವೂ ಅದೇ. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೆಯದರ ಆರಂಭದಲ್ಲಿ ಲೆಬನಾನ್ ಕಡೆಯಿಂದ ಮೆಕ್ಸಿಕೋಗೆ ವಲಸೆ ಹೋದವರು ಈ ಕಂಬಿಯನ್ನು ಜೊತೆಗೆ ಒಯ್ದರು. ಪ್ವೆಬ್ಲಾ ನಗರದಲ್ಲಿ ಮೊದಲು ಅವರದೇ ದಪ್ಪ ರೊಟ್ಟಿಯಲ್ಲಿ ಕಟ್ಟಿ ಕೊಡುತ್ತಿದ್ದರು. ಕ್ರಮೇಣ ಕುರಿಯ ಜಾಗಕ್ಕೆ ಹಂದಿ ಬಂತು, ಒಣಮೆಣಸಿನ ಕೆಂಪು ಮಸಾಲೆ ಬಂತು, ಅನಾನಾಸಿನ ಹೋಳು ಬಂತು, ಜೋಳದ ರೊಟ್ಟಿ ಬಂತು. ನಮ್ಮಲ್ಲಿಗೆ ಅದೇ ಕಂಬಿ ಗಲ್ಫಿಗೆ ದುಡಿಯಲು ಹೋದವರ ಕೈಹಿಡಿದು ಬಂದಿದೆ.

ಇಂಥದ್ದನ್ನು ಮನೆಯಲ್ಲಿ ಮಾಡಲಾಗದು. ಬಾಣಲೆಯಲ್ಲಿ ಹುರಿದ ಕೋಳಿಗೆ ಆ ಸುಟ್ಟ ಅಂಚು, ಕೊಬ್ಬು ಕರಗಿ ಇಳಿದ ರುಚಿ ಬರುವುದಿಲ್ಲ. ಹಾಗಾಗಿ ಕೋಳಿ ಟಾಕೋ ಬೇಕೆಂದರೆ ಕಂಬಿ ನಿಲ್ಲದೆ ತಿರುಗುತ್ತಿರುವ, ಜನ ಜಾಸ್ತಿ ಇರುವ ಕಡೆಗೇ ಹೋಗಿ.

ಆದರೆ ನಮ್ಮ ಜಿಲ್ಲೆಯವರು ಇಲ್ಲಿ ಕಣ್ಣು ಬಿಟ್ಟು ನೋಡಲೇಬೇಕು. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಷವರ್ಮಾ ತಿಂದು ಹಲವರು ಆಸ್ಪತ್ರೆ ಸೇರಿದ್ದು, ಹದಿನಾರರ ಒಬ್ಬ ವಿದ್ಯಾರ್ಥಿನಿ ತೀರಿಕೊಂಡದ್ದು ಯಾರೂ ಮರೆಯುವ ವಿಷಯ ಅಲ್ಲ. ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಅದಾದ ಮೇಲೆ ಕೇರಳದಲ್ಲಿ ಷವರ್ಮಾಕ್ಕೆಂದೇ ನಿಯಮಗಳು ಬಂದವು. 2023ರ ಜನವರಿಯಲ್ಲಿ ಹಸಿ ಮೊಟ್ಟೆಯಿಂದ ಮಾಡಿದ ಮಯೋನೀಸ್ ನಿಷೇಧವಾಯಿತು. ಪಾರ್ಸೆಲ್ ಮೇಲೆ ಆಹಾರ ತಯಾರಿಸಿದ ಹೊತ್ತು, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಅನ್ನುವ ಚೀಟಿ ಇರಬೇಕು ಅಂತಲೂ ಆಯಿತು.

ಟಾಕೋಗೂ ಇದು ಪೂರ್ತಿ ಅನ್ವಯ. ಒಳಗಿನ ಮಾಂಸ ಅದೇ ಕಂಬಿಯದ್ದು, ಮೇಲೆ ಸುರಿಯುವ ಬಿಳಿ ಸಾಸ್ ಅದೇ ಮಯೋನೀಸ್, ಪಕ್ಕದಲ್ಲಿ ಹಸಿ ಎಲೆಕೋಸು, ಹಸಿ ಈರುಳ್ಳಿ. ಕೂರುವ ಮೊದಲು ನೋಡಿ: ಮಾಂಸ ಕೆತ್ತಿದ ಮೇಲೆ ಇನ್ನೊಮ್ಮೆ ಕಾವಲಿಯಲ್ಲಿ ಬಿಸಿ ಮಾಡುತ್ತಾರಾ? ಕಂಬಿಯ ಬೆಂಕಿ ಆರಿಸಿ ಹಾಗೇ ಬಿಟ್ಟಿದ್ದಾರಾ? ಮಯೋನೀಸ್ ಯಾವುದು ಅಂತ ನೇರವಾಗಿ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ದುಡ್ಡು ಕೊಡುವುದು ನಾವು, ತಿನ್ನುವುದು ನಮ್ಮ ಮಕ್ಕಳು. ಉತ್ತರ ಹೇಳಲು ತಡವರಿಸಿದರೆ ಎದ್ದು ಬನ್ನಿ.

ಗೋಧಿ ತಿನ್ನಬಾರದೆಂದು ವೈದ್ಯರು ಹೇಳಿದವರು ಹೊರಗೆ ಕಾರ್ನ್ ಟೋರ್ಟಿಯಾ ಅಂದ ಮಾತ್ರಕ್ಕೆ ನಂಬಬೇಡಿ. ಹಿಟ್ಟು ಒಡೆಯದಿರಲಿ ಅಂತ ಮೈದಾ ಬೆರೆಸಿರಬಹುದು. ಸಸ್ಯಾಹಾರಿ ಮನೆಯವರ ತೊಂದರೆ ಬೇರೆ. ವೆಜ್ ಟಾಕೋ ಅಂತ ಬರೆದಿದ್ದರೂ ಕಾವಲಿ, ಎಣ್ಣೆ ಎರಡೂ ಕೋಳಿಯದ್ದೇ ಆಗಿರುವುದು ಸಾಮಾನ್ಯ. ಅದನ್ನು ಒಪ್ಪದವರಿಗೆ ಮನೆಯೇ ದಾರಿ.

ಮನೆಯಲ್ಲಿ ಏನು ತುಂಬಬೇಕು

ಮೀನಿನ ಟಾಕೋ ಬಾಹಾ ಕ್ಯಾಲಿಫೋರ್ನಿಯಾದ ಕರಾವಳಿಯದ್ದು. ಎನ್ಸೆನಾಡಾ ಎಂಬ ಬಂದರು ಪಟ್ಟಣ ಅದಕ್ಕೆ ಹೆಸರುವಾಸಿ. ಮೀನಿನ ತುಂಡನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಸಣ್ಣಗೆ ಹೆಚ್ಚಿದ ಎಲೆಕೋಸು, ಬಿಳಿ ಸಾಸ್, ಲಿಂಬೆರಸ. ಕಡಲ ಪಕ್ಕದ ನಮಗೆ ಇದಕ್ಕಿಂತ ಹೊಂದುವ ಟಾಕೋ ಇನ್ನೊಂದಿಲ್ಲ. ಅಂಜಲ್ ಒಳ್ಳೆಯದು, ಮುಳ್ಳು ಬಿಡಿಸಿದ ಕಾಣೆ ಇನ್ನೂ ಒಳ್ಳೆಯದು. ಬೂತಾಯಿಗೆ ಮುಳ್ಳು ಜಾಸ್ತಿ, ಟಾಕೋದೊಳಗೆ ಬೇಡ. ಮೈದಾಕ್ಕೆ ಸ್ವಲ್ಪ ಅಕ್ಕಿಹಿಟ್ಟು, ಉಪ್ಪು, ತಣ್ಣನೆಯ ಸೋಡಾ ಸೇರಿಸಿ ಅದ್ದಿ ಕರಿದರೆ ಗರಿಗರಿ ಬರುತ್ತದೆ. ತೆಂಗಿನೆಣ್ಣೆಯಲ್ಲಿ ಕರಿಯಲು ಹಿಂಜರಿಯಬೇಡಿ, ಈ ಮೀನುಗಳಿಗೆ ಅದು ಒಗ್ಗುತ್ತದೆ. ಮಯೋನೀಸ್ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಉಪ್ಪು, ಲಿಂಬೆ ಹಾಕಿ. ಕೆಫೆಯ ಮೀನಿನ ಟಾಕೋದಲ್ಲಿ ಫ್ರೀಜರಿನ ಮೀನು ಬಳಸುವುದೇ ಹೆಚ್ಚು. ನೀವು ಬೆಳಿಗ್ಗೆ ತಂದ ಮೀನಿನ ಎದುರು ಅದು ನಿಲ್ಲುವುದಿಲ್ಲ.

ಆದರೆ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ 52 ದಿನ ಟ್ರಾಲಿಂಗ್ ನಿಷೇಧ. ಆಗ ನಾಡದೋಣಿಯವರ ಮೀನು ಮಾತ್ರ, ಬೆಲೆ ಏರಿರುತ್ತದೆ. ಆ ದಿನಗಳಲ್ಲಿ ತರಕಾರಿಗೆ ತಿರುಗಿ.

ತರಕಾರಿ ಟಾಕೋ ಅಂದರೆ ಪನೀರ್ ಒಂದೇ ಅಲ್ಲ. ಮೆಕ್ಸಿಕೋದವರು ಪಾಪಾಸುಕಳ್ಳಿಯ ಎಲೆ, ಅಣಬೆ, ಕುಂಬಳದ ಹೂವು ಎಲ್ಲ ತುಂಬುತ್ತಾರೆ. ನಮ್ಮಲ್ಲಿ ಗುಜ್ಜೆ ಇದೆ. 2018ರಲ್ಲಿ ಕೇರಳ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು, ಆದರೂ ತೋಟದಲ್ಲಿ ಬಿದ್ದು ಕೊಳೆಯುವುದು ನಿಂತಿಲ್ಲ. ಎಳೆ ಗುಜ್ಜೆಯನ್ನು ಉಪ್ಪು ಹಾಕಿ ಬೇಯಿಸಿ, ಜಜ್ಜಿ ಎಳೆ ಎಳೆಯಾಗಿ ಬಿಡಿಸಿ. ನೆನೆಸಿದ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಜೀರಿಗೆ, ಚೂರು ದಾಲ್ಚಿನ್ನಿ, ಸ್ವಲ್ಪ ಹುಣಸೆ ಅರೆದು ಹಾಕಿ, ಕಾವಲಿಯ ಮೇಲೆ ಅಂಚು ಕಪ್ಪಾಗುವವರೆಗೆ ಹುರಿಯಿರಿ. ಅವರ ಖಾರವಿಲ್ಲದ ಕೆಂಪು ಒಣಮೆಣಸಿನ ಬಣ್ಣ, ಗುಣ ಎರಡೂ ಬ್ಯಾಡಗಿಯಲ್ಲಿ ಸಿಗುತ್ತದೆ. ಈ ಟಾಕೋವನ್ನು ಯಾವ ಹೋಟೆಲಿನದ್ದರ ಪಕ್ಕದಲ್ಲಿ ಇಟ್ಟರೂ ನಾನು ಇದನ್ನೇ ಎತ್ತಿಕೊಳ್ಳುತ್ತೇನೆ. ಬೇಯಿಸಿದ ರಾಜ್ಮಾ ಅಥವಾ ಒಣ ಅಲಸಂಡೆಯನ್ನು ಈರುಳ್ಳಿ ಜೊತೆ ಎಣ್ಣೆಯಲ್ಲಿ ಹಿಸುಕಿ ಹುರಿದು ಕೆಳಗೆ ಹಚ್ಚಿದರೆ ಹೊಟ್ಟೆಯೂ ತುಂಬುತ್ತದೆ.

ಚಟ್ನಿ ಮರೆಯಬೇಡಿ. ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸಣ್ಣಗೆ ಹೆಚ್ಚಿ ಉಪ್ಪು, ಲಿಂಬೆ ಹಿಂಡಿದರೆ ಒಂದು. ಇನ್ನೊಂದು ಹಸಿರು ಚಟ್ನಿ, ಅವರು ಅದನ್ನು ಕಾಗದದಂಥ ತೆಳು ಹೊದಿಕೆಯೊಳಗೆ ಬೆಳೆಯುವ ಒಂದು ಹುಳಿ ಹಸಿರು ಕಾಯಿಯಿಂದ ಮಾಡುತ್ತಾರೆ. ನಮ್ಮಲ್ಲಿ ಅದು ಸಿಗದು. ನಾನು ಹಿತ್ತಲಿನ ಬಿಂಬುಳಿಯನ್ನು ಹಸಿಮೆಣಸು, ಬೆಳ್ಳುಳ್ಳಿ ಜೊತೆ ಸುಟ್ಟು ರುಬ್ಬುತ್ತೇನೆ. ಹುಳಿ ಜೋರು, ಸ್ವಲ್ಪವೇ ಹಾಕಿಕೊಳ್ಳಿ. ಬೆಣ್ಣೆಹಣ್ಣು ಸಿಕ್ಕಿದರೆ ಉಪ್ಪು, ಲಿಂಬೆ ಹಾಕಿ ಹಿಸುಕಿ, ತಿನ್ನುವ ಹೊತ್ತಿಗೇ ಮಾಡಿ, ಇಟ್ಟರೆ ಕಪ್ಪಾಗುತ್ತದೆ. ಕುಡಿಯಲು ಅವರಿಗೆ ಪುಂಡಿಸೊಪ್ಪಿನ ಜಾತಿಯ ಕೆಂಪು ಹೂವಿನ ಹುಳಿ ಪಾನಕ ಇದೆ. ನಾವು ಪುನರ್ಪುಳಿ ಮಾಡಿದರೆ ಆಯಿತು.

ಖರ್ಚು, ಹೊತ್ತು

ದುಡ್ಡಿನ ಲೆಕ್ಕದಲ್ಲಿ ಮನೆ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅರ್ಧ ಕಿಲೋ ಜೋಳದಿಂದ ಇಪ್ಪತ್ತೈದು ರೊಟ್ಟಿ ಆರಾಮವಾಗಿ ಆಗುತ್ತದೆ. ಹೊರಗೆ ತಟ್ಟೆಗೆ ಎರಡು ಮೂರು ಸಣ್ಣ ಟಾಕೋ, ಮೇಲೆ ಜಿಎಸ್‌ಟಿ, ಪೆರ್ಲ, ಮುಳ್ಳೇರಿಯಾ ಕಡೆಯಿಂದ ಪೇಟೆಗೆ ಬರುವ ಪೆಟ್ರೋಲು. ಹೊತ್ತಿನ ಲೆಕ್ಕದಲ್ಲಿ ಮಾತ್ರ ಮನೆ ಸೋಲುತ್ತದೆ. ಹಿಂದಿನ ರಾತ್ರಿಯೇ ಯೋಚಿಸಬೇಕು, ಬೆಳಿಗ್ಗೆ ರುಬ್ಬಬೇಕು. ರುಬ್ಬಿದ ಹಿಟ್ಟು ನಮ್ಮ ಸೆಕೆಗೆ ಹೊರಗಿಟ್ಟರೆ ಸಂಜೆಯೊಳಗೆ ಹುಳಿಯುತ್ತದೆ, ಫ್ರಿಜ್ಜಿನಲ್ಲಿ ಒಂದೆರಡು ದಿನ ಬರುತ್ತದೆ.

ನಾಲ್ಕೈದು ಜನಕ್ಕೆ ಮನೆಯಲ್ಲಿ ಮಾಡುವುದು ಸುಖ. ಒಬ್ಬರು ಒತ್ತಲಿ, ಒಬ್ಬರು ಬೇಯಿಸಲಿ, ಮಕ್ಕಳು ತುಂಬಿಸಿಕೊಳ್ಳಲಿ. ಅಡುಗೆಮನೆಯಲ್ಲಿ ಒಬ್ಬರೇ ನಿಂತು ಉಳಿದವರು ಮೇಜಿನ ಮುಂದೆ ಕೂರುವ ಹಾಗಿದ್ದರೆ ದಯವಿಟ್ಟು ಮಾಡಬೇಡಿ. ಬೇಯಿಸುವವರಿಗೆ ಒಂದೂ ಬಿಸಿ ಟಾಕೋ ಸಿಗುವುದಿಲ್ಲ. ಆ ದಿನ ಎಲ್ಲರೂ ಹೊರಗೆ ಹೋಗುವುದೇ ನ್ಯಾಯ. ಹುಟ್ಟುಹಬ್ಬಕ್ಕೆ ಇಪ್ಪತ್ತು ಮೂವತ್ತು ಮಕ್ಕಳು ಬರುತ್ತಾರೆ ಅಂದರೆ ಜೋಳದ ರೊಟ್ಟಿ ಬಿಟ್ಟುಬಿಡಿ. ಚಪಾತಿ ಮಾಡಿಸಿ, ಪಲ್ಯ, ಚಟ್ನಿ ಬೇರೆ ಬೇರೆ ಪಾತ್ರೆಯಲ್ಲಿಡಿ.

ಇನ್ನು ಪಾರ್ಸೆಲ್. ತುಂಬಿದ ಟಾಕೋ ಡಬ್ಬದೊಳಗೆ ಮುಚ್ಚಿದ ಕೂಡಲೇ ಬೆವರತೊಡಗುತ್ತದೆ. ಗರಿಗರಿ ಚಿಪ್ಪು ಮೆತ್ತಗಾಗುತ್ತದೆ, ಮೆತ್ತನೆಯ ರೊಟ್ಟಿ ಒದ್ದೆಯಾಗಿ ಹರಿಯುತ್ತದೆ, ಬಿಸಿ ಮಾಂಸದ ಪಕ್ಕ ಎಲೆಕೋಸು ಬಾಡುತ್ತದೆ. ತರಲೇಬೇಕಾದ ಸಂದರ್ಭ ಬಂದರೆ ರೊಟ್ಟಿ ಬೇರೆ, ಮಾಂಸ ಬೇರೆ, ಹಸಿ ತರಕಾರಿ ಮತ್ತು ಸಾಸ್ ಬೇರೆ ಕಟ್ಟಿಕೊಡಿ ಅಂತ ಆರ್ಡರ್ ಮಾಡುವಾಗಲೇ ಹೇಳಿ. ಚೀಟಿಯಲ್ಲಿರುವ ಹೊತ್ತು ನೋಡಿ. ಮನೆಗೆ ಬಂದ ಮೇಲೆ ರೊಟ್ಟಿಗೆ ನೀರು ಚಿಮುಕಿಸಿ ಕಾದ ಕಾವಲಿಯಲ್ಲಿ ಎರಡೂ ಮಗ್ಗುಲು ಬಿಸಿ ಮಾಡಿ. ಮಾಂಸವನ್ನು ಹಬೆಯಾಡುವಷ್ಟು ಕಾಯಿಸಿ, ಆಮೇಲೆ ತುಂಬಿ. ಉಳಿದ ಮಾಂಸವನ್ನು ನಾಳೆಗೆ ಅಂತ ಎತ್ತಿಡಬೇಡಿ.